ಮೂರನೇ ಬ್ರಷ್

ಹೊಸನಗರದ ಬಸ್ಸಿನ ಟಾಪಿನಿಂದ ಇಳಿಯಿತು
ಗೋಣಿಯಲ್ಲಿ ಕಟ್ಟಿದ ಡೈನಮೊ, ಹಿಂದೆಯೇ ಪದ್ಮನಾಭಯ್ಯ.
'ಬಲ್ಬು ನಿಲ್ಲೋದಿಲ್ಲ, ಬ್ಯಾಟರಿ ನೀರು ಕುದಿದು ಹೋಗ್ತದೆ.
ಭಾನುವಾರ ಪೇಟೆವರೆಗೆ ಓಡಿಸೋದು, ಅಷ್ಟೇ.'
ಅಜ್ಜ ಕೊಂಡಿದ್ದ ಕಾರು. ಆರು ವೋಲ್ಟು.
ಲಷ್ಕರ್ ಮೊಹಲ್ಲದ ನಮ್ಮ ಅಂಗಡಿಗಿಂತ ಹಳೆಯದು,
ಗೌಸ್ ಪೀರ್ ಉಸ್ತಾದರಿಗಿಂತಲೂ.

ಉಸ್ತಾದರು ಮೊದಲು ಮೂಸಿದರು.
ಸುಟ್ಟ ವಾರ್ನಿಷಿನ ವಾಸನೆಯಿಲ್ಲ.
ಹೆಬ್ಬೆರಳಲ್ಲಿ ಪುಲ್ಲಿ ತಿರುಗಿಸಿ ಕಿವಿಕೊಟ್ಟರು,
ಬೇರಿಂಗಿಗೆ ಮೂರು ಹನಿ ಎಣ್ಣೆ.
'ಮೊದಲು ಇದಕ್ಕೇ ಕರೆಂಟು ಕೊಡು. ತಾನೇ ತಿರುಗಬೇಕು.
ತಿರುಗಿದರೆ ಹೊಟ್ಟೆಯೊಳಗೆ ಎಲ್ಲ ನೆಟ್ಟಗಿದೆ.'
ವೈರಿನ ತುದಿ ಮುಟ್ಟಿಸಿದೆ. ಒಂದು ಕಿಡಿ.
ರಾಗಿಕಲ್ಲಿನ ನಿಧಾನದಲ್ಲಿ ತಿರುಗತೊಡಗಿತು.

ಗ್ರೈಂಡರ್ ಮೋಟಾರಿಗೆ ಬೆಲ್ಟು ಹಾಕಿ ಓಡಿಸಿದೆವು.
ಬಲ್ಬು ಮೊದಲು ಕೆಂಡ, ಆಮೇಲೆ ಮೊಟ್ಟೆಯ ಹಳದಿ,
ಆಮೇಲೆ ನೋಡಲಾಗದ ಬಿಳಿ.
ಬ್ಯಾಟರಿ ಸೇರಿಸಿದೆ. ಮೀಟರಿನ ಮುಳ್ಳು
ಹತ್ತು ದಾಟಿತು, ಹದಿನಾಲ್ಕು ದಾಟಿತು,
ಹದಿನೆಂಟಕ್ಕೆ ಹೋಗಿ ನಡುಗುತ್ತ ನಿಂತಿತು.
ಕೆಟ್ಟ ಡೈನಮೊ ಇಷ್ಟು ಕೊಡುವುದಿಲ್ಲ.
'ಬಂದ್ ಮಾಡು.'

ಪಟ್ಟಿ ಬಿಚ್ಚಿದರೆ ದೊಡ್ಡ ಕಾರ್ಬನ್ನು ಎರಡೂ ತಮ್ಮ ಜಾಗದಲ್ಲಿ.
ಮೂರನೆಯದು, ಸಣ್ಣದು, ಜರುಗಿಸಲು ಬರುವಂಥದ್ದು,
ಕಟ್ಟಕಡೆಗೆ ಸರಿದು ಕೂತಿದೆ.
ಸ್ಕ್ರೂವಿನ ತಲೆಯ ಮೇಲೆ ಹಸಿರು ಕಿಲುಬು.

'ಹಗಲು ಓಡೋ ಗಾಡಿಗೆ ಇದನ್ನ ಇಲ್ಲಿಡ್ತಿದ್ದರು.
ಎಂಟು ಆಂಪಿಯರ್, ಧಾರಾಳ.
ಇಷ್ಟು ಮುಂದೆ ತಳ್ಳೋದು
ರಾತ್ರಿಯಿಡೀ ಎರಡೂ ದೀಪ ಉರಿಸೋರು.
ನಿಮ್ಮಜ್ಜ ರಾತ್ರಿ ಓಡಿಸ್ತಿದ್ದರಾ?'

'ಛೆ! ಸಂಜೆ ದೀಪ ಹಚ್ಚುವ ಮುಂಚೆ ಕಾರು ಒಳಗೆ.
ಬೀಗದ ಕೈ ಅಜ್ಜನ ಉಡಿದಾರದಲ್ಲಿ.
ಮತ್ತೆ ಯಾರು...'
ಪದ್ಮನಾಭಯ್ಯ ಅಲ್ಲಿಗೇ ನಿಂತರು.
ಗ್ರೈಂಡರಿನ ಬೆಲ್ಟು ಇನ್ನೂ ಅಲ್ಲಾಡುತ್ತಿತ್ತು.
'ಡ್ರೈವರ್ ಕೆರಿಯಪ್ಪ ಅಂತ ಇದ್ದ.
ಹಗಲೆಲ್ಲ ತೂಕಡಿಸ್ತಾನೆ ಅಂತ
ಅಜ್ಜ ಬೈತಿದ್ದರು.'

ಉಸ್ತಾದರು ಬೀಡಿ ಹಚ್ಚಿದರು, ಏನೂ ಕೇಳಲಿಲ್ಲ.
ನನಗೆ ಕೇಳಬೇಕಿತ್ತು. ಎಲ್ಲಿಗೆ, ಯಾವ ಘಾಟಿಯಲ್ಲಿ,
ಯಾರನ್ನು ಹಿಂದೆ ಮಲಗಿಸಿಕೊಂಡು,
ಅಥವಾ ಸುಮ್ಮನೆ, ಒಬ್ಬನೇ, ಓಡಿಸುವ ಸುಖಕ್ಕೆ.
ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಸ್ಕ್ರೂ ಕಿರುಗುಟ್ಟಿ ಬಿಟ್ಟುಕೊಟ್ಟಿತು.
ಬ್ರಷ್ಷನ್ನು ಹಿಂದಕ್ಕೆ ಜರುಗಿಸಿದೆ, ಮತ್ತೆ ಓಡಿಸಿದೆ.
ಮುಳ್ಳು ಎಂಟಕ್ಕೆ ಬಂದು ಕೂತಿತು, ಅಲ್ಲಾಡದೆ.
ಹಳೆಯ ಜಾಗ ಮಾತ್ರ ಒಳಗೆ ಹೊಳೆಯುತ್ತಿತ್ತು,
ಉಂಗುರ ತೆಗೆದ ಬೆರಳಿನ ಹಾಗೆ.
'ಅಲ್ಲೊಂದು ಗುರುತು ಹಾಕಲಾ?'
'ಯಾಕೆ?' ಅಂದರು ಪದ್ಮನಾಭಯ್ಯ.
ಆಮೇಲೆ, 'ಹಾಕು' ಅಂದರು.
ಮೊಳೆಯ ತುದಿಯಲ್ಲಿ ಒಂದು ಗೀರು.

ಎಣ್ಣೆ, ಕೂಲಿ ಸೇರಿ ನಲವತ್ತೈದು ರೂಪಾಯಿ.
ಟಾಪಿಗೆ ಹಾಕಲು ಕಂಡಕ್ಟರ್ ಕೈ ಚಾಚಿದ, ಕೊಡಲಿಲ್ಲ.
ಗೋಣಿಯನ್ನು ತೊಡೆಯ ಮೇಲಿಟ್ಟು
ಕಿಟಕಿ ಬದಿ ಕೂತರು.
ಅದಿನ್ನೂ ಬೆಚ್ಚಗಿತ್ತು.