ನ್ಯೂಟ್ರಲ್

ಶಾವೊರಿ ಕೆರೆ ಹಿಂದಾಗಿ ನಾಕೆರಾಲಾದ ನೆತ್ತಿ ಸಿಕ್ಕಿದ್ದೇ ತಡ
ನನ್ನ ಗಂಡ ಓತಿಯಾ ಗೇರು ಬಿಡಿಸಿಬಿಡುತ್ತಿದ್ದ.
ಹಳೇ ಮಾರ್ಶ್ರುತ್ಕಾ ವ್ಯಾನು, ಹದಿನೇಳು ಜನ, ಎರಡು ಕೋಳಿ,
ತ್ಸಿಯಾಲಾಳ ಹೊಲಿಗೆ ಮಿಷನ್ನು,
ಎಲ್ಲ ತಂತಮ್ಮ ಭಾರಕ್ಕೇ ಜಾರುತ್ತ
ತ್ಕಿಬುಲಿಯ ಕಡೆಗೆ.

ಡೀಸೆಲ್ಲು ಆ ವಾರ ಲೀಟರಿಗೆ ಮೂರು ಲಾರಿ ನಲವತ್ತು.
ಲಾರಿ ಅಂದರೆ ನಮ್ಮಲ್ಲಿ ದುಡ್ಡು;
ಚಕ್ರವಿಲ್ಲ, ಆದರೂ
ನಿಲ್ಲು ಅಂದರೆ ನಿಲ್ಲುವುದಿಲ್ಲ.
ಬಂಕಿನ ಹುಡುಗ ಏಣಿ ಹತ್ತಿ ಅಂಕಿ ಬದಲಿಸುವಾಗ
ಸರದಿಯಲ್ಲಿದ್ದವರೇ ಕೆಳಗೆ ಏಣಿ ಹಿಡಿದುಕೊಂಡರು.
ಬೀಳಬಾರದಲ್ಲ, ಹುಡುಗನಾದರೂ.

ಟಿಕೆಟ್ಟಿನ ದರ ಏರಿಸು ಅಂದೆ.
'ಯಾರ ಮುಖ ನೋಡಿ ಕೇಳಲಿ?' ಅಂದ.
ಹದಿನೇಳೂ ಗೊತ್ತಿರುವ ಮುಖಗಳು.
ಹಾಗಾಗಿ ಒಂದು ನೋಟ್‌ಬುಕ್ಕು ತೆಗೆದೆ,
ಮಗಳು ಅರ್ಧ ಬರೆದು ಬಿಟ್ಟ ಭೂಗೋಳದ್ದು.
ಆಫ್ರಿಕಾದ ನದಿಗಳು ಮುಗಿದಲ್ಲಿ ನಮ್ಮ ಲೆಕ್ಕ ಶುರು:
ಎಡಗಡೆ ಖರ್ಚು, ಬಲಗಡೆ ಪೋಲು.

ಮೊದಲು ಸೀಟಿನಡಿ ಕೈ ಹಾಕಿದೆ.
ಸತ್ತ ಬ್ಯಾಟರಿ. ಹಿಮಕ್ಕೆ ಚಕ್ರಕ್ಕೆ ಕಟ್ಟುವ ಸರಪಳಿ, ಅದೂ ಜುಲೈ ತಿಂಗಳಲ್ಲಿ.
ಮಾವನವರು ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು.
ನಲವತ್ತೊಂದು ಕಿಲೋ!
ಹನ್ನೆರಡು ವರ್ಷ ದಿನಾ ಗುಡ್ಡ ಹತ್ತಿ ಇಳಿದಿದೆ,
ಟಿಕೆಟ್ಟಿಲ್ಲದೆ.

ಆಮೇಲೆ ಕಣ್ಣು ಮನೆಯೊಳಗೆ ಹೊರಳಿತು.
ಎರಡು ಲೋಟ ಚಹಾಕ್ಕೆ ಕೆಟಲ್ ತುಂಬ ನೀರು ಯಾಕೆ,
ಲೋಟದಲ್ಲೇ ಅಳೆದು ಸುರಿದೆ.
ಬ್ರೆಡ್ಡಿನ ಒಲೆಯನ್ನು ನಾನು, ತ್ಸಿಯಾಲಾ, ಎದುರುಮನೆ ಗುಲ್ನಾರಾ
ವಾರಕ್ಕೊಮ್ಮೆ ಒಟ್ಟಿಗೇ ಹೊತ್ತಿಸಿದೆವು;
ಮೂರು ಮನೆಯ ಹಿಟ್ಟು, ಒಂದೇ ಬೆಂಕಿ,
ಜಗಳ ಮಾತ್ರ ಆರು ಮನೆಯಷ್ಟು.

ಸ್ಟ್ಯಾಂಡಿನಲ್ಲಿ ಜನ ತುಂಬುವ ತನಕ ಗುರುಗುಡುತ್ತಿದ್ದ ಇಂಜಿನ್ನಿನ
ಬಾಯಿಯನ್ನೂ ಮುಚ್ಚಿಸಿದ ಓತಿಯಾ.
ಆದರೆ ಅವನ ಹೆಮ್ಮೆಯೆಲ್ಲ ನ್ಯೂಟ್ರಲ್ಲಿನ ಮೇಲೆ.
'ನೋಡು ಲಾಮಾರಾ, ಹನ್ನೊಂದು ಕಿಲೋಮೀಟರು ಬಿಟ್ಟಿ!'
ಅಂದಾಗ ಮೀಸೆ ಒಂದು ಬೆರಳು ಅಗಲವಾಗುತ್ತಿತ್ತು.

ಬ್ರೇಕು ಸುಟ್ಟ ವಾಸನೆ ಹಿಡಿದೇ ಬಂದ ಗ್ಯಾರೇಜಿನ ಬೊಂದೊ.
'ಗೇರಿನಲ್ಲೇ ಇಳಿ, ಮಾರಾಯ.
ಆಗ ಗಾಲಿಯೇ ಇಂಜಿನ್ನನ್ನು ತಿರುಗಿಸುತ್ತೆ, ಹನಿ ಎಣ್ಣೆ ಕೇಳಲ್ಲ.
ನ್ಯೂಟ್ರಲ್ಲಿನಲ್ಲಿ ಅದು ಸುಮ್ಮನೆ ಕೂತು ಕುಡಿಯುತ್ತೆ,
ನಿನ್ನ ಭಾವನ ಹಾಗೆ.'

ಓತಿಯಾ ಮೂರು ದಿನ ಅವನ ಜೊತೆ ಮಾತು ಬಿಟ್ಟ.
ನಾಲ್ಕನೆಯ ದಿನ ಗೇರಿನಲ್ಲಿ ಇಳಿದ.
ನೋಟ್‌ಬುಕ್ಕು ಬೊಂದೊನ ಪಕ್ಷ ಸೇರಿತು:
ವಾರಕ್ಕೆ ಒಂದು ಲೀಟರು, ಮೇಲೆ ತುಸು.
ಉಳಿಯಿತು ಎಂದು ಬರೆದದ್ದಕ್ಕೆಲ್ಲ ಗೀಟು ಹೊಡೆದು
ಪೋಲಿಗೆ ಸಾಗಿಸಿದೆ,
ಅವನು ಮಲಗಿದ ಮೇಲೆ.

ಮುಂದಿನ ಮಂಗಳವಾರ ಮುಂದಿನ ಸೀಟಿನಲ್ಲಿ ಪೊಲಿಕಾರ್ಪೆ.
ಕಲ್ಲಿದ್ದಲ ಗಣಿಗೆ ಮುಕ್ಕಾಲು ಕಿವಿ ಕೊಟ್ಟು ಬಂದವರು.
ಗಾಜಿಗೆ ಕೆನ್ನೆ ಒತ್ತಿ ಏನೋ ಹುಡುಕುತ್ತಿದ್ದರು.
'ಹೊಳೆ ಬತ್ತಿತೇ?'
'ಇಲ್ಲವಲ್ಲ, ತಾತ!' ಕೂಗಿ ಹೇಳಿದೆ.
'ಹೋದ ವಾರ ಕೇಳಿಸುತ್ತಿತ್ತು.'

ಯಾರೂ ಮಾತಾಡಲಿಲ್ಲ. ಕೋಳಿಗಳೂ.
ಗೇರಿನಲ್ಲಿ ಇಂಜಿನ್ನು ಗಂಟಲು ಹರಿದು ಅರಚುತ್ತಿತ್ತು,
ಒಂದು ಹನಿಯನ್ನೂ ಕುಡಿಯದೆ.

ಕೊನೆಯ ತಿರುವು ಮುಗಿದು, ಸೇತುವೆಗೆ ಮುಂಚಿನ ಸಮತಟ್ಟಿನಲ್ಲಿ
ಓತಿಯಾ ಗಾಡಿ ನಿಲ್ಲಿಸಿದ.
ಕೀಲಿ ತಿರುಗಿಸಿದ.
ಲೋಹ ತಣ್ಣಗಾಗುವ ಟಿಕ್ ಟಿಕ್. ಅದರ ಕೆಳಗೆ
ಕಲ್ಲುಗಳನ್ನು ಉರುಳಿಸಿಕೊಂಡು, ಯಾರ ಲೆಕ್ಕಕ್ಕೂ ಸಿಗದೆ,
ನೀರು.
ಆಸ್ಪತ್ರೆಗೆ ಹೊತ್ತಾಗುತ್ತಿದ್ದವಳು ಗಡಿಯಾರ ನೋಡಿ
ಮತ್ತೆ ತೋಳು ಎಳೆದುಕೊಂಡಳು.
ಪೊಲಿಕಾರ್ಪೆ ಒಮ್ಮೆ ತಲೆಯಾಡಿಸಿದರು.
ಇಂಜಿನ್ನು ಎರಡನೆಯ ಸಲಕ್ಕೆ ಕೆಮ್ಮಿ ಎದ್ದಿತು.

ರಾತ್ರಿ ಪೆನ್ಸಿಲು ನೆಕ್ಕಿ ಬರೆದೆ:
ಪೊಲಿಕಾರ್ಪೆಯ ಹೊಳೆ, ಒಂದು ಚಮಚ ಡೀಸೆಲ್ಲು.
ಓತಿಯಾ ಹೆಗಲ ಮೇಲಿಂದ ಇಣುಕಿದ,
ಯಾವ ಕಡೆ ಬರೆದೆ ನೋಡಲು.
ಎಡಗಡೆ.