ಉಗುರಿನ ಗುರುತು

ಫೆಬ್ರವರಿ ಕೊನೆ. ದೆಡ್ಜಾದ ಗುಡ್ಡದಲ್ಲಿ
ಕಣಜವೆಂದರೆ ಬರೀ ಹೆಣೆದ ಬಿದಿರು,
ಒಳಗಿಂದ ಆಚೆಮನೆ ಕಾಣುತ್ತದೆ.
ಹೊಲದಲ್ಲಿ ಮಾತ್ರ ಮುಸುಕಿನ ಜೋಳ ಆಳೆತ್ತರ,
ತೆನೆ ಕೂದಲೊಡೆದು ಹನ್ನೆರಡು ದಿನ.

ಲಿಲೊಂಗ್ವೆಯ ಪ್ರಯೋಗಾಲಯದಿಂದ ರಜೆಗೆ ಬಂದಿದ್ದೇನೆ,
ಜೇಬಲ್ಲಿ ಅಯೋಡಿನ್ ಸೀಸೆ, ಒಂದು ಬ್ಲೇಡು.
ಅವ್ವ ಎನೆಲೇಸಿ ಸಾಲಿನ ನಡುವೆ ನಿಂತು
ಮುಸುಕನ್ನು ಬೆರಳಗಲ ಸರಿಸುತ್ತಾಳೆ,
ಹೆಬ್ಬೆರಳ ಉಗುರೊತ್ತುತ್ತಾಳೆ ಕಾಳಿಗೆ.
ಪಿಚಕ್ಕನೆ ನೀರು.
'ಇನ್ನೂ ಇಲ್ಲ.' ಮುಸುಕು ಮುಚ್ಚುತ್ತಾಳೆ.

ಅದೇ ಕಾಳನ್ನು ಸೀಳಿ ಹನಿ ಬಿಟ್ಟೆ.
ಕಂದು ಕಂದಾಗಿಯೇ ಉಳಿಯಿತು.
ಅವಳು ಹೇಳಿದ್ದನ್ನೇ ನಾನು
ಸರ್ಕಾರಿ ಸಂಬಳ ತಗೊಂಡು ಹೇಳಿದೆ.

ಒಳಗೇನು ನಡೆದಿದೆ, ಕೇಳು ಅವ್ವಾ:
ಮೊದಲು ಅದು ಗೋಡೆಯೇ ಇಲ್ಲದ ಮನೆ,
ಒಂದು ಎರಡಾಗಿ, ಎರಡು ನಾಲ್ಕಾಗಿ
ಕೋಶದ ಕಣ್ಣುಗಳು ಒಂದೇ ನೀರಲ್ಲಿ ತೇಲುತ್ತವೆ.
ಆಮೇಲೆ ಗೋಡೆಗಳೇಳುತ್ತವೆ, ಕೋಣೆ ಕೋಣೆ.
ಎಲೆಯಲ್ಲಿ ಬೆಂದ ಬಿಸಿಲು
ದಂಟಿನೊಳಗೆ ಸಕ್ಕರೆಯಾಗಿ ನಡೆದು
ತೊಟ್ಟಿನ ಕಿರುಬಾಗಿಲಲ್ಲಿ ನುಸುಳಿ
ಒಳಗೆ ಬಂದದ್ದೇ ತಡ,
ತನ್ನ ಸಿಹಿಯನ್ನು ಮರೆಯತೊಡಗುತ್ತದೆ:
ಕೊಂಡಿಗೆ ಕೊಂಡಿ, ಕೆಲವು ನೀಳ ಸರಪಳಿ,
ಹೆಚ್ಚಿನವು ಕವಲೊಡೆದು ಮತ್ತೆ ಕವಲೊಡೆದು
ಉಂಡೆಗಟ್ಟಿ, ಉಂಡೆಯ ಮೇಲೆ ಪದರಗಟ್ಟಿ
ಕರಗಲಾರದ ಬಿಳುಪು.

'ಕರಗುವುದನ್ನು ಕೂಡಿಡಲಾದೀತೇ' ಎಂದಳು ಅವ್ವ,
ಮಳೆಗಾಲದ ಉಪ್ಪಿನ ಗಡಿಗೆ ನೆನೆದವಳಂತೆ.

ಇಪ್ಪತ್ತನೆಯ ದಿನ ಕಾಳಿನ ನೆತ್ತಿಯಲ್ಲಿ ನೀಲಿ.
ಬುಡ ಇನ್ನೂ ಹಾಲು.
ಅಕ್ಕನ ಮಗ ಲಿಂಬಿಕಾನಿ ಕೇಳಿದ: ತಿನ್ನಬಹುದಾ?
ಹಾಲ್ದೆನೆ ಇವತ್ತು ಸಿಹಿ,
ಜೂನಿನಲ್ಲಿ ಒಂದು ಹಿಡಿ ಹಿಟ್ಟು ಕಡಿಮೆ.
ಲೆಕ್ಕ ಅವನಿಗೂ ಗೊತ್ತು. ಏಳು ವರ್ಷ.
ಅವ್ವ ಹೊಲದಂಚಿನ ನಾಲ್ಕು ತೆನೆ ಮುರಿದಳು.
ಕೆಂಡದ ವಾಸನೆಗೆ ಓಡಿಬಂದು ಎಡವಿದವನ ಮಂಡಿಗೆ
ನನ್ನ ಸೀಸೆಯಲ್ಲಿದ್ದದ್ದನ್ನೆಲ್ಲ ಸುರಿದಳು.
ಔಷಧಿ ಇರುವುದು ಇದಕ್ಕೆ, ಕಾಳಿಗಲ್ಲ.
ಆಗ ಅವಳ ಉಗುರ ಸಂದಿಯ ಹಾಲು
ನೀಲಿಗಟ್ಟಿತು. ಇಬ್ಬರೂ ನೋಡಿದೆವು.

ಒಂದು ಮಾತು ಮಾತ್ರ ಹೇಳದೆ ಬಸ್ಸು ಹತ್ತಿದೆ:
ತುಂಬಿದ ಕೋಣೆ ಸಾಯುತ್ತದೆ.
ಸರಕು ಸೂರು ಮುಟ್ಟಿದೊಡನೆ ಕೋಶ
ದೀಪವಾರಿಸಿ ಅದರಡಿಯಲ್ಲೇ ಮಲಗುತ್ತದೆ.
ಉಸಿರಾಡುವುದು ಒಳಗಿನ ಕುಡಿ, ಮತ್ತೆ
ಸಿಪ್ಪೆಯಡಿಯ ತೆಳು ಪದರವೊಂದು, ಕಾವಲಿಗೆ.
ಜೋಹಾನ್ಸ್‌ಬರ್ಗಿನ ಗಣಿಯಿಂದ
ಅಪ್ಪನ ಟ್ರಂಕು ಮಾತ್ರ ಬಂದ ಮನೆಯಿದು.
ಟ್ರಂಕು ತುಂಬಾ ಬಟ್ಟೆಯಿತ್ತು, ಎಲ್ಲ ಹೊಸದು.

ಹಾಲಿಗೂ ಗಟ್ಟಿಗೂ ನಡುವಿನ ಗೆರೆ
ನಾನಿಲ್ಲದಾಗಲೂ ಇಳಿಯುತ್ತಲೇ ಇತ್ತು.

ಏಪ್ರಿಲ್ ಕೊನೆಗೆ ಬಂದರೆ
ತೊಟ್ಟಿನಲ್ಲಿ ಕಪ್ಪು ಚುಕ್ಕೆ, ಬಾಗಿಲು ಹಾಕಿಯಾಗಿತ್ತು.
ಉಗುರು ಇಳಿಯಲಿಲ್ಲ. ಅವ್ವ
ಕಾಳೊಂದನ್ನು ಹಲ್ಲಿಗೆ ಕೊಟ್ಟು ಕಟಕ್ಕೆನಿಸಿದಳು,
ಉಗುಳದೆ ಹಾಗೇ ಅಗಿಯುತ್ತ
ಕಣಜ ಬಿಗಿಯಲು ಹಗ್ಗ ಹುಡುಕಹೋದಳು.