ಟವರ್ಗ

ನೀರ್ಚಾಲಿನ ಏರಿನಲ್ಲಿ, ಎರಡನೇ ಗೇರಿಗೆ ಹಾಕಿದಾಗ ಮಾತ್ರ,
ಅದೂ ಬೆಳಗ್ಗೆ, ಎಂಜಿನು ಇನ್ನೂ ತಣ್ಣಗಿರುವಾಗ.
ಬದಿಯಡ್ಕ ತಲುಪುವಷ್ಟರಲ್ಲಿ ಇಲ್ಲ.
ವರ್ಕ್‌ಶಾಪಿನ ಬಾಗಿಲಲ್ಲಂತೂ ಇಲ್ಲವೇ ಇಲ್ಲ,
ಡಾಕ್ಟರರ ಎದುರು ಕೂತ ಮಗುವಿನ ಕೆಮ್ಮಿನ ಹಾಗೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೆಕ್ಯಾನಿಕ್ಕುಗಳೇ.
ಲೆಕ್ಕದ ಸಜಿನಿ: ಬೆಲ್ಟು.
ಡ್ರಿಲ್ ಮಾಸ್ಟ್ರು: ಮೌಂಟಿಂಗು, ಸಂಶಯವೇ ಬೇಡ.
ಅಟೆಂಡರು ದೂಮಪ್ಪಣ್ಣ ಮಾತ್ರ
ಇಪ್ಪತ್ತಾರು ವರ್ಷದ ಆ ಮಾರುತಿಗೆ ಒಂದು ಸುತ್ತು ಹಾಕಿ
ಹೇಳಿದ್ದು: ಮಾರಿಬಿಡಿ.

ಅಂದುಂಞಿಗೆ ಕಿವಿ ಕೇಳುವುದಿಲ್ಲ.
ಹನ್ನೆರಡು ವರ್ಷ ಕೋರೆಯಲ್ಲಿ
ಮುರಕಲ್ಲು ಕೊಯ್ಯುವ ಮಿಷನ್ನುಗಳನ್ನು ರಿಪೇರಿ ಮಾಡಿ
ಎಡದ್ದು ಪೂರ್ತಿ ಹೋಗಿದೆ, ಬಲದ್ದಕ್ಕೆ ಅರ್ಧ ದಿನ ರಜೆ.
ಸ್ಕ್ರೂಡ್ರೈವರಿನ ತುದಿ ಎಂಜಿನಿಗೆ, ಹಿಡಿ ದವಡೆಗೆ ಒತ್ತಿ
ಕಣ್ಣು ಮುಚ್ಚಿ ನಿಲ್ಲುತ್ತಾನೆ,
ಎಲುಬಿನಲ್ಲಿ ಕೇಳಿಸಿಕೊಳ್ಳುತ್ತಾನೆ.
"ಒಳಗೆ ಎಲ್ಲ ಸರಿ ಉಂಟು ಟೀಚರೇ.
ನಿಮಗೆ ಕೇಳಿದ್ದು ಎಂತದು? ಒಮ್ಮೆ ಹೇಳಿ ನೋಡುವಾ."

ಮೇಲಿನ ಪೇಟೆ, ಬಸ್ಸು ಬಿಡುವ ಹೊತ್ತು,
ನಲವತ್ತೆಂಟರ ಹೆಂಗಸು ಕಾರಿನ ಸದ್ದು ಹೊರಡಿಸಬೇಕು.
ಟಕ್ ಟಕ್ ಟಕ್, ಅಂದೆ ಮೆಲ್ಲಗೆ.
ಒಡಿಶಾದ ಹುಡುಗ ಜಿತು ಸ್ಪ್ಯಾನರ್ ಕಚ್ಚಿ ನಗು ತಡೆದ.
ಅಂದುಂಞಿ ನನ್ನ ತುಟಿಯನ್ನೇ ನೋಡುತ್ತಿದ್ದ.
"ಟಕ್ಕೋ, ಡಕ್ಕೋ? ಸರಿ ಹೇಳಿ.
ಟಕ್ ಆದರೆ ಇನ್ನೂರು. ಡಕ್ ಆದರೆ ಎರಡು ಸಾವಿರ.
ಅದಕ್ಕಿಂತ ದಪ್ಪ ಆದರೆ ಎಂಜಿನ್ ಇಳಿಸಬೇಕು."

ಟ ಠ ಡ ಢ ಣ.
ಒಂದನೇ ಕ್ಲಾಸಿನ ಗೋಡೆಯಲ್ಲಿ ಇಪ್ಪತ್ತು ವರ್ಷದಿಂದ ನೇತಾಡುವ ಸಾಲು
ಇವನ ಬಿಲ್ಲುಪುಸ್ತಕವೂ ಹೌದೆಂದು ನನಗೆ ಗೊತ್ತಿರಲಿಲ್ಲ.

ರಾತ್ರಿ ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆ.
ಬೆಳಗ್ಗೆ ಏಳಕ್ಕೆ ಹೋದರೆ ಬಾನೆಟ್ಟಿನ ಮೇಲೆ ಇಬ್ಬನಿ.
ಜಿತು ಕೀ ತಿರುಗಿಸಿದ.
ಬಂತು.

ಈ ಸಲ ನಾಚದೆ ಬಾಗಿದೆ.
ಟ.
ಅಲ್ಲ.
ಇದರ ಬೆನ್ನಿಗೆ ಇನ್ನೇನೋ ಅಂಟಿಕೊಂಡಿದೆ.
ನಾಲಿಗೆ ಮಡಚಿ, ಅಂಗುಳಿಗೆ ತಾಗಿಸಿ, ಬಿಟ್ಟೆ:
ಠ.
ಠ ಠ ಠ ಠ.

ನಮ್ಮಲ್ಲಿ ಮಾತಾಡುವಾಗ ಯಾರ ಬಾಯಲ್ಲೂ ಬಾರದ ಅಕ್ಷರ.
ಕೋಪದಲ್ಲೂ ಬಾರದು, ಪ್ರೀತಿಯಲ್ಲೂ. ಕಾಪಿ ಬರೆಯುವಾಗ ಬರುತ್ತದೆ.
ಕಲಿಸುವುದಕ್ಕೆ ನಾನು ಮಕ್ಕಳ ಅಂಗೈಯನ್ನು
ಅವರವರ ಬಾಯಿಗೆ ಅಡ್ಡ ಹಿಡಿಸುತ್ತೇನೆ:
ಟ ಅಂದರೆ ಕೈಗೆ ಏನೂ ಇಲ್ಲ,
ಠ ಅಂದರೆ ಒಂದು ಬಿಸಿ ಉಸಿರು.
ಪಕ್ಕದವರ ಮುಖಕ್ಕೆ ಊದಲು ಶುರುಮಾಡುತ್ತಾರೆ,
ಪಾಠ ಅಲ್ಲಿಗೆ ಮುಗಿಯುತ್ತದೆ.

ಅಂದುಂಞಿಯ ಬಲಗಿವಿಯ ಹತ್ತಿರ ಕೂಗಿ ಹೇಳಿದೆ:
ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬರೀ ಟ ಬರಬೇಕು.
ಇದಕ್ಕೆ ಉಸಿರುಂಟು.

ಅವನು ಸ್ಕ್ರೂಡ್ರೈವರು ಕೆಳಗಿಟ್ಟ.
ಸೊಂಟದ ಚಿಂದಿಯಲ್ಲಿ ಗ್ರೀಸ್ ಒರೆಸಿಕೊಂಡ.
ಹೊಗೆಕೊಳವೆ ಎಂಜಿನಿಗೆ ಸೇರುವಲ್ಲಿ, ಎರಡು ಬೆರಳು ದೂರ,
ಅಂಗೈ ಅಡ್ಡ ಹಿಡಿದ,
ನನ್ನ ಒಂದನೇ ಕ್ಲಾಸಿನವರು ಹಿಡಿಯುವ ಹಾಗೆಯೇ.
"ಬರ್ತಾ ಉಂಟು," ಅಂದ, ಗುಟ್ಟು ಹೇಳುವ ದನಿಯಲ್ಲಿ.
"ಗ್ಯಾಸ್ಕೆಟ್ ಒಡೆದಿದೆ. ಬಿಸಿ ಏರಿದರೆ ಲೋಹ ಹಿಗ್ಗಿ
ಬಾಯಿ ಮುಚ್ಚಿಕೊಳ್ತದೆ. ಕಳ್ಳಿ."

ಗ್ಯಾಸ್ಕೆಟ್ಟಿಗೆ ನೂರ ಎಂಬತ್ತು,
ಮುರಿದ ಒಂದು ಸ್ಟಡ್ಡಿಗೆ ಅರವತ್ತು.
ಕೂಲಿ ಎಷ್ಟೆಂದು ಕೇಳಿದರೆ, ಕೇಳಿಸದವನ ಹಾಗೆ ಆಚೆ ನೋಡಿದ.
ಅಥವಾ ನಿಜವಾಗಿಯೂ ಕೇಳಿಸಲಿಲ್ಲವೋ.

ಮರುದಿನ ಬೆಳಗ್ಗೆ ನೀರ್ಚಾಲಿನ ಏರು, ಎರಡನೇ ಗೇರು.
ಏನೂ ಇಲ್ಲ.
ಆ ಏನೂ ಇಲ್ಲದ್ದರ ಅಡಿಯಿಂದ,
ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಎಲ್ಲೋ,
ಸಣ್ಣಗೆ, ಮೂಗಿನಲ್ಲಿ,
ಣ.

ಎಷ್ಟು ದಿನದಿಂದ ಇತ್ತೋ.
ಣ ದಿಂದ ಶುರುವಾಗುವ ಪದ ಯಾವುದು ಟೀಚರ್,
ವರ್ಷಕ್ಕೊಬ್ಬರಾದರೂ ಕೇಳುತ್ತಾರೆ.
ಇಲ್ಲ ಮಗಾ, ಅದು ನಡುವಲ್ಲೇ ಬರುವುದು,
ಎಂದು ಬಾಣದ ಚಿತ್ರ ತೋರಿಸುತ್ತೇನೆ.

ಕಿಟಕಿಯ ಗಾಜು ಇಳಿಸಿದೆ.
ಸ್ವಲ್ಪ ಗಾಳಿಯ ಸದ್ದು ಒಳಗೆ ಬರಲಿ ಎಂದು.